ಮೆಲ್ಟೆಮಿ ಬೀಸಿದ ಚಳಿಗಾಲ

ಮೊನ್ನೆ ಸಿಡ್ನಿಯ ರೌಸ್ ಹಿಲ್‌ನ ನಮ್ಮ ಮನೆಯಲ್ಲಿ ನಿಂತು ಮೈದಾ ಹುರಿಯುತ್ತಿದ್ದೆ. ಎಣ್ಣೆಯಿಲ್ಲ, ತುಪ್ಪವಿಲ್ಲ, ಬರೀ ಹಿಟ್ಟು, ಸಣ್ಣ ಉರಿ. ಕೈ ಬಿಡದೆ ಆಡಿಸುತ್ತಲೇ ಇರಬೇಕು. ಬಿಳಿ ಹಿಟ್ಟು ಕೆಂಪಿಗೆ ತಿರುಗುವ ಹೊತ್ತಿಗೆ ಬೇಕರಿಯ ಹಿತ್ತಿಲಲ್ಲಿ ಬರುವಂಥ ಒಂದು ಘಮ ಏಳುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತುಹೋಯಿತು. ಹಿಟ್ಟು ಸೀದು, ಸ್ಮೋಕ್ ಅಲಾರ್ಮ್ ಬೊಬ್ಬೆ ಹೊಡೆಯತೊಡಗಿತು. ಮಾಳಿಗೆಯಿಂದ ಮಗಳು ರಿಯಾ ಓಡಿ ಬಂದು, ಟವೆಲ್ ಬೀಸಿ ಬೀಸಿ ಅದರ ಬಾಯಿ ಮುಚ್ಚಿಸಿದಳು.

"ಮಮ್ಮಾ, ಆರ್ ಯು ಓಕೆ?"

"ಓಕೆಯೇ. ಹಿಟ್ಟು ಸೀದಿತು, ಅಷ್ಟೆ. ಇನ್ನೊಂದು ಪ್ಯಾಕೆಟ್ ತೆಗಿ."

ಓಕೆ ಇರಲಿಲ್ಲ ಎಂದು ಅವಳಿಗೂ ಗೊತ್ತು. ಮೆಲ್ಬರ್ನ್‌ನ ಕತೀನಾ ಯಾಯಾ ತೀರಿಕೊಂಡು ನಲವತ್ತು ದಿನ ತುಂಬುತ್ತಿತ್ತು. ಗ್ರೀಕರು ಅಜ್ಜಿಗೆ ಯಾಯಾ ಎನ್ನುತ್ತಾರೆ. ಸತ್ತವರ ನಲವತ್ತನೇ ದಿನಕ್ಕೆ ಗೋಧಿ ಬೇಯಿಸಿ, ದಾಳಿಂಬೆ, ಬಾದಾಮಿ, ದಾಲ್ಚಿನ್ನಿ ಬೆರೆಸಿ, ಮೇಲೆ ಹುರಿದ ಹಿಟ್ಟು ಹರಡಿ, ಅದರ ಮೇಲೆ ಸಕ್ಕರೆ ಪುಡಿಯನ್ನು ನುಣ್ಣಗೆ ಒತ್ತಿ, ಚರ್ಚಿಗೆ ಒಯ್ಯುತ್ತಾರೆ. ಅದರ ಹೆಸರು ಕೋಲಿವಾ. ಕತೀನಾಳ ಮಗ ನಿಕೋ ಫೋನ್ ಮಾಡಿ, "ಮಾ ಮಾಡುತ್ತಿದ್ದ ಹಾಗೆ ಮಾಡಲು ಬರುವುದು ನಿಮಗೊಬ್ಬರಿಗೇ, ಮಾಡಿ ತರುತ್ತೀರಾ?" ಎಂದಿದ್ದ. ಗ್ರೀಕ್ ಮುದುಕಿಯ ತಿಥಿಗೆ ಮಂಗಳೂರಿನ ಕ್ಯಾಥೊಲಿಕ್ ಹೆಂಗಸು ಸಿಡ್ನಿಯಿಂದ ಗೋಧಿ ಹೊತ್ತುಕೊಂಡು ಹೋಗುವುದು! ನಮ್ಮ ಅತ್ತೆ ಇದ್ದಿದ್ದರೆ ಎದೆಗೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಹ್ಞೂಂ ಎಂದುಬಿಟ್ಟೆ.

ಕತೀನಾಳ ಪರಿಚಯವಾದಾಗ ನಾವು ಮೆಲ್ಬರ್ನ್‌ನಲ್ಲಿದ್ದೆವು. ರಿಯಾ ಆಗ ಶಾಲೆಯ ಮೊದಲ ವರ್ಷ, ಪ್ರೆಪ್ ಕ್ಲಾಸಿನಲ್ಲಿದ್ದಳು. ನಾನು ವೆರಿಬೀಯ ಮುದುಕರನ್ನು ನೋಡಿಕೊಳ್ಳುವ ಒಂದು ಏಜ್ಡ್ ಕೇರ್‌ನಲ್ಲಿ ನರ್ಸ್. ಇಲ್ಲೇ ನೆಲೆಸಲು ಬೇಕಾದ ಪಿಆರ್ ಇನ್ನೂ ಬಂದಿರಲಿಲ್ಲ. ನನ್ನ ಗಂಡ ವಿಲ್ಫಿ ಹಡಗಿನಲ್ಲಿ ಅಡುಗೆಯವನು, ದೊಡ್ಡ ಹೆಸರು ಚೀಫ್ ಕುಕ್. ಹಡಗಿನ ಮಾಲೀಕರು ಗ್ರೀಕರು, ಬಾವುಟ ಇನ್ಯಾವುದೋ ದೇಶದ್ದು, ಕ್ಯಾಪ್ಟನ್ ಗ್ರೀಕ್, ಉಳಿದವರು ಮನಿಲಾದವರು, ನಮ್ಮ ಕಡೆಯವರು. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಅವನು ನೀರಿನ ಮೇಲೆ, ನಾವು ನೆಲದ ಮೇಲೆ. ಮೆಲ್ಬರ್ನ್‌ನ ನ್ಯೂಪೋರ್ಟ್‌ನಲ್ಲಿ ಒಂದು ಮನೆಯ ಹಿತ್ತಿಲಿನ ಗ್ರ್ಯಾನಿ ಫ್ಲ್ಯಾಟ್ ರೆಂಟ್‌ಗೆ ಸಿಕ್ಕಿತು. ಆ ಮನೆ ಕತೀನಾಳದು.

ಮೊದಲ ವಾರ ಅವಳು ನನ್ನ ಮನಸ್ಸಿನಲ್ಲಿ 'ಅವರು' ಆಗಿದ್ದಳು. ಎರಡನೇ ವಾರ, ನಾನು ಕೆಲಸದಿಂದ ಬರುವಷ್ಟರಲ್ಲಿ ನನ್ನ ಬಟ್ಟೆಯೆಲ್ಲ ಹಗ್ಗದಿಂದ ತೆಗೆದು, ಒಳ ಉಡುಪನ್ನೂ ಬಿಡದೆ ಇಸ್ತ್ರಿ ಹಾಕಿ ಇಟ್ಟಿದ್ದಳು. ಅಂದಿನಿಂದ 'ಅವಳು' ಆದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ, ಅವಳದು ಅರ್ಧಂಬರ್ಧ. ಆದರೆ ನೆನಪಿನಲ್ಲಿ ಮಾತ್ರ ಅವಳು ನನ್ನ ಊರಿನ ಕನ್ನಡವನ್ನೇ ಆಡುತ್ತಾಳೆ. ನಾನೇನು ಮಾಡಲಿ, ಆ ಬಾಯಿಗೆ ಅದೇ ಒಪ್ಪುತ್ತದೆ.

ಅಂಜೂರದ ಮರ, ನಿಂಬೆ ಗಿಡ, ಸಿಮೆಂಟಿನ ಅಂಗಳ, ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾ. ಆ ಓಣಿಯಲ್ಲಿ ಗ್ರೀಕ್ ಮುದುಕಿಯರು ಬೇಕಾದಷ್ಟಿದ್ದರು, ಗಂಡ ಸತ್ತವರೆಲ್ಲ ತಲೆಯಿಂದ ಕಾಲಿನವರೆಗೆ ಕಪ್ಪು. ಕತೀನಾ ಒಬ್ಬಳು ಹೂವಿನ ಫ್ರಾಕು, ಕೆಂಪು ಸ್ವೆಟರ್. ಅಡುಗೆಮನೆಯ ಗೋಡೆಯಲ್ಲಿ ಅವಳ ಅಪ್ಪ ಅಮ್ಮನ ಫೋಟೋ, ಮುಂದೆ ಎಣ್ಣೆಯ ಪುಟ್ಟ ದೀಪ. ಅವಳ ಗಂಡ ಸ್ಟೆಲಿಯೋಸನ ಫೋಟೋ ಮಾತ್ರ ಫ್ರಿಜ್ಜಿನ ಬಾಗಿಲಲ್ಲಿ, ಮೊಮ್ಮಕ್ಕಳ ಫೋಟೋಗಳ ನಡುವೆ, ನಿಂಬೆಹಣ್ಣಿನ ಮ್ಯಾಗ್ನೆಟ್ಟಿನ ಕೆಳಗೆ. ಮೀಸೆಯ ಚಂದದ ಗಂಡಸು. ಮೆಲ್ಬರ್ನ್‌ಗೆ ಬಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ, ನೆಲ ಒಗ್ಗದೆ ಮತ್ತೆ ಹಡಗು ಹತ್ತಿದವನು. ನಿಕೋ ಸಣ್ಣವನಿದ್ದಾಗ ಹಡಗು ಸಮೇತ ಕಾಣೆಯಾದ. ಹೆಣ ಸಿಗಲಿಲ್ಲ.

ಇಡೀ ಚರ್ಚಿಗೆ ಕೋಲಿವಾ ಮಾಡುವವಳು ಕತೀನಾ. ಯಾರ ಮನೆಯಲ್ಲಿ ಸಾವಾದರೂ ಅವಳ ಬಾಗಿಲಿಗೇ ಬರಬೇಕು. ಸಕ್ಕರೆಯ ಮೇಲೆ ಬಾದಾಮಿಯಿಂದ ಶಿಲುಬೆ, ಅದರ ಕೆಳಗೆ ಸತ್ತವರ ಹೆಸರಿನ ಮೊದಲಕ್ಷರ. ಊರಿಗೆಲ್ಲ ಮಾಡಿದವಳು ಗಂಡನಿಗೆ ಒಮ್ಮೆಯೂ ಮಾಡಿರಲಿಲ್ಲ. ಮಾಡು ಎಂದು ಹೇಳುವ ಧೈರ್ಯ ಪಾದ್ರಿಗೂ ಇರಲಿಲ್ಲ.

ಇನ್ನೊಂದು ವಿಷಯ, ಗೇಟು. ರಸ್ತೆಯ ಬದಿಗೆ ಸೊಂಟದೆತ್ತರದ ಕಬ್ಬಿಣದ ಗೇಟು, ಅದಕ್ಕೊಂದು ಚಿಲಕ. ಅದನ್ನು ಹಾಕುವಂತಿಲ್ಲ. ಮನೆ ಕೊಡುವಾಗಲೇ ನಿಕೋ ಹೇಳಿದ್ದ. ಸಣ್ಣ ಮಗು ರಸ್ತೆಗೆ ಓಡಿದರೆ ಎಂದು ನಾನು ಒಮ್ಮೆ ಹಾಕಿದೆ, ಬಂದು ತೆಗೆದಳು.

"ಮಗುವನ್ನು ನಾನು ನೋಡಿಕೊಳ್ತೇನೆ. ಗೇಟು ಇರಲಿ. ಬರುವವರಿಗೆ ತಡೆ ಆಗಬಾರದು."

ಬರುವವರು ಯಾರು ಎಂದು ನಾನು ಕೇಳಲಿಲ್ಲ.

ವಿಲ್ಫಿಗೂ ಕತೀನಾಳಿಗೂ ನಂಟು ಬೆಳೆದದ್ದು ಅಡುಗೆಯಿಂದ. ಮುದಿ ಕ್ಯಾಪ್ಟನ್ನಿನ ನಾಲಿಗೆಯ ದಯೆಯಿಂದ ಅವನಿಗೆ ಅಡುಗೆಮನೆಯಷ್ಟು ಗ್ರೀಕ್ ಬರುತ್ತಿತ್ತು. ನೆಟ್‌ವರ್ಕ್ ಸಿಕ್ಕಾಗಲೆಲ್ಲ ವಾಟ್ಸಾಪ್ ವಿಡಿಯೋ. ಮೊದಲು ರಿಯಾ, ಆಮೇಲೆ ಕತೀನಾ, ಕೊನೆಗೆ ಬ್ಯಾಟರಿ ಉಳಿದರೆ ನಾನು. ಅವನು ಬೇಳೆ ಸೂಪಿಗೆ ಜೀರಿಗೆ ಹಾಕಿದೆ ಎಂದರೆ ಇವಳು ತಲೆ ಚಚ್ಚಿಕೊಳ್ಳುವಳು. "ನನ್ನ ಸೊಸೆಗಿಂತ ಇವನೇ ವಾಸಿ, ಹೇಳಿದ್ದು ಕೇಳ್ತಾನೆ," ಎಂದು ನನ್ನೆದುರೇ ಹೊಗಳುವಳು. ಅವನು ಅವಳನ್ನು ಮಾನಾ ಎನ್ನುತ್ತಿದ್ದ. ಅಮ್ಮ ಎಂದರ್ಥ.

ಜುಲೈ ತಿಂಗಳ ಕೊನೆ. ಮೆಲ್ಬರ್ನ್‌ನ ಚಳಿ ಮೂಳೆಗೆ ಇಳಿದಿತ್ತು. ವಿಲ್ಫಿಯ ಹಡಗು ಕಪ್ಪು ಸಮುದ್ರದ ಬಂದರಿನಲ್ಲಿ ಗೋಧಿ ತುಂಬಿಕೊಂಡು ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೊರಟಿತ್ತು. ಅವು ನಕ್ಷೆಯಲ್ಲಿ ಎಲ್ಲಿವೆ ಎಂದು ನನಗೆ ಗೊತ್ತಾಗಲಿಲ್ಲ. ಕತೀನಾ ಊಟದ ಮೇಜನ್ನೇ ಸಮುದ್ರ ಮಾಡಿದಳು. ಮೇಲ್ತುದಿಗೆ ಉಪ್ಪಿನ ಡಬ್ಬಿ ಇಟ್ಟು, "ಇದು ಒಡೆಸ್ಸಾ. ನನ್ನ ಅಜ್ಜನ ಅಣ್ಣ ಇಲ್ಲಿ ಗೋಧಿ ವ್ಯಾಪಾರಿ," ಎಂದಳು. ಕೆಳತುದಿಗೆ ಕಾಫಿ ಕಪ್ಪು. "ಇದು ಅಲೆಕ್ಸಾಂಡ್ರಿಯಾ. ಅಮ್ಮನ ತಮ್ಮನಿಗೆ ಇಲ್ಲಿ ಅಂಗಡಿ ಇತ್ತು, ಮನೆಯಲ್ಲಿ ಪಿಯಾನೋ ಇತ್ತು." ಬಲಕ್ಕೆ ಒಂದು ನಿಂಬೆಹಣ್ಣು. "ಸ್ಮಿರ್ನಾ. ಅಜ್ಜಿಯ ಊರು, ಈಗ ಟರ್ಕಿಯವರದ್ದು. ಊರು ಹೊತ್ತಿ ಉರಿದಾಗ ಅಜ್ಜಿ ದೋಣಿ ಹತ್ತಿದ್ದು ಇಲ್ಲಿಂದ. ಕೈಯಲ್ಲಿ ಮನೆಯ ಬೀಗದಕೈ, ಬೇರೆ ಎಂತದ್ದೂ ಇಲ್ಲ." ನಡುವೆ ಬ್ರೆಡ್ಡಿನ ಚೂರುಗಳನ್ನು ಉದುರಿಸಿದಳು. ಅವು ದ್ವೀಪಗಳು. ಒಂದು ಚೂರನ್ನು ಉಗುರಿನಿಂದ ಸರಿಸಿ, "ಇದು ನಂದು," ಎಂದಳು.

"ಹಾಗಾದರೆ ನಿಮ್ಮ ದೇಶ ಇದರಲ್ಲಿ ಯಾವುದು?" ಎಂದೆ.

ಮೇಜಿನ ನಡುವೆ ಅಂಗೈ ಬಡಿದಳು. "ಇದು. ನೀರು. ನೆಲ ಎಲ್ಲ ಬರೀ ಜಗಲಿ. ಕ್ರಿಸ್ತ ಹುಟ್ಟುವ ಮೊದಲಿಂದ ನಮ್ಮವರು ಈ ಉಪ್ಪಿನ ಡಬ್ಬಿಯಿಂದ ಗೋಧಿ ತರ್ತಾ ಇದ್ದರು. ಈಗ ಜಗಲಿಯಿಂದ ನಮ್ಮನ್ನು ಎಬ್ಬಿಸಿ ಆಯ್ತು, ಎಲ್ಲ ಕಡೆಯಿಂದ. ಹಡಗು ಮಾತ್ರ ಉಳಿದದ್ದು."

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. "ಹಡಗು ನಿಮ್ಮದು, ಅದರಲ್ಲಿ ಬೆವರುವವರು ಉಳ್ಳಾಲದವರು," ಎಂದೆ.

"ನಮ್ಮ ಗಂಡಸರೂ ಬೆವರಿದ್ದಾರೆ ಮಾರಾಯ್ತಿ, ಮುಳುಗಿದ್ದಾರೆ. ಈಗ ಸರದಿ ನಿಮ್ಮವರದು." ಮಾತು ಬಾಯಿಂದ ಜಾರಿದ ಕೂಡಲೇ ಮೂರು ಸಲ ತು, ತು, ತು ಎಂದು ಉಗುಳಿದಂತೆ ಮಾಡಿದಳು, ದೃಷ್ಟಿ ತೆಗೆಯಲು. ನಾವಿಬ್ಬರೂ ನಕ್ಕೆವು.

ವಿಲ್ಫಿಯ ಕೊನೆಯ ಕರೆ ಬಂದದ್ದು ಇಸ್ತಾಂಬುಲ್ ನಡುವೆ ಹಡಗು ಹಾಯುವಾಗ. ಎರಡೂ ದಡದಲ್ಲಿ ಮನೆಗಳು, ಮಿನಾರುಗಳು, ಮೀನು ಹಿಡಿಯುವವರ ಸಾಲು. ಅವನು ಫೋನನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದ. ಕತೀನಾ ಬೆರಳಿಗೆ ಮುತ್ತು ಕೊಟ್ಟು ಸ್ಕ್ರೀನಿಗೆ ಒತ್ತಿದಳು.

"ಮಾನಾ, ನಾಡಿದ್ದು ನಿಮ್ಮ ದ್ವೀಪದ ಹತ್ತಿರದಿಂದಲೇ ಹೋಗ್ತೇವೆ," ಎಂದ ವಿಲ್ಫಿ.

"ಹೌದಾ? ಹಾಗಾದರೆ ಹೊರಗೆ ಬಂದು ನಿಲ್ಲು ಮಗಾ. ಬೆಟ್ಟದ ತುದಿಯಲ್ಲಿ ಬಿಳಿ ಚರ್ಚ್ ಕಾಣ್ತದೆ. ಅಲ್ಲೇ ನನ್ನ ಮದುವೆ ಆದದ್ದು. ವಿಡಿಯೋ ಮಾಡಿ ಕಳಿಸು. ಸಾಯುವ ಮೊದಲು ಒಮ್ಮೆ ನೋಡ್ತೇನೆ."

"ಡನ್, ಮಾನಾ." ಆಮೇಲೆ ನನ್ನ ಕಡೆ ತಿರುಗಿ ಕೊಂಕಣಿಯಲ್ಲಿ, "ಕ್ರಿಸ್ಮಸ್‌ಗೆ ಬರ್ತೇನೆ. ಚಳಿಗೆ ಸ್ವೆಟರ್ ಹಾಕು, ಶೋಕಿ ಮಾಡ್ಬೇಡ," ಎಂದ. ಅಷ್ಟೇ. ಹದಿನೇಳು ಬಗೆಯಲ್ಲಿ ಪ್ರೀತಿ ಹೇಳುವ ಗಂಡಸಾಗಿರಲಿಲ್ಲ ನನ್ನ ವಿಲ್ಫಿ.

ವಿಡಿಯೋ ಬರಲಿಲ್ಲ. ಕತೀನಾ ಫೋನನ್ನು ಚಾರ್ಜಿಗೆ ಹಾಕಿ ಎದುರಿಗೇ ಇಟ್ಟುಕೊಂಡು ಕೂತಳು.

ಬಂದದ್ದು ಗ್ರೀಸಿನ ಪಿರೇಯಸ್ ಬಂದರಿನಲ್ಲಿರುವ ಹಡಗು ಕಂಪನಿಯ ಆಫೀಸಿನಿಂದ ಒಬ್ಬನ ಕರೆ. ಒಳ್ಳೆಯ ಇಂಗ್ಲಿಷ್, ಮೆತ್ತಗಿನ ದನಿ. ಬೆಳಗ್ಗೆ ಕ್ಯಾಪ್ಟನ್ನಿಗೆ ಕಾಫಿ ಬರಲಿಲ್ಲವಂತೆ. ಯಾಕೆಂದು ನೋಡಿದರೆ ಅಡುಗೆಮನೆಯಲ್ಲಿ ಒಲೆ ಹೊತ್ತಿಲ್ಲ. ಹಡಗೆಲ್ಲ ಹುಡುಕಿದರು. ಹಿಂಬದಿಯ ಕಂಬಿಗೆ ಅವನು ದಿನಾ ಒಣಹಾಕುವ ಅಡುಗೆ ಟವೆಲ್ಲುಗಳಲ್ಲಿ ಒಂದು ಮಾತ್ರ ಗಂಟು ಹಾಕಿದ ಹಾಗೇ ಇತ್ತು. ಹಡಗು ಬಂದ ದಾರಿಯಲ್ಲೇ ತಿರುಗಿ ಹೋಯಿತು. ಕೋಸ್ಟ್ ಗಾರ್ಡ್ ಬಂತು, ಹೆಲಿಕಾಪ್ಟರ್ ಬಂತು. ನಾನು ಸಿಂಕಿನ ಮುಂದೆ ಫೋನ್ ಹಿಡಿದು ನಿಂತು, "ಅವನಿಗೆ ಈಜು ಬರ್ತದೆ, ಅವನು ಉಳ್ಳಾಲದವನು," ಎಂದು ಹೇಳುತ್ತಲೇ ಇದ್ದೆ. ಆ ಮನುಷ್ಯ ಪ್ರತಿ ಸಲವೂ "ಯೆಸ್ ಮ್ಯಾಡಮ್" ಎಂದ.

"ಮಳೆ ಇತ್ತಾ, ಬಿರುಗಾಳಿ ಇತ್ತಾ?" ಎಂದು ಕತೀನಾಳನ್ನು ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಅಲ್ಲಿ ಅದು ಬೇಸಿಗೆ. ಮೆಲ್ಟೆಮಿ ಎಂಬ ಉತ್ತರದ ಗಾಳಿ ಏಳುವ ಕಾಲ. ಆಕಾಶ ಶುಭ್ರ, ಬಿಸಿಲು ನಗುತ್ತಿರುತ್ತದೆ, ಕೆಳಗೆ ಸಮುದ್ರಕ್ಕೆ ಹುಚ್ಚು ಹಿಡಿದಿರುತ್ತದೆ. ಮೋಡ ನೋಡಿ ಹೆದರುವ ನಮಗೆ ಅಂಥ ಗಾಳಿಯ ಗುರುತೇ ಇಲ್ಲ. ನ್ಯೂಪೋರ್ಟ್‌ನಲ್ಲಿ ಹಿಡಿದ ಮಳೆ ಬಿಡದೆ ಸುರಿಯುತ್ತಿತ್ತು. ನನಗೆ ಆ ಬಿಸಿಲಿನ ಮೇಲೆ ಬಂದಷ್ಟು ಸಿಟ್ಟು ಇನ್ನಾವುದರ ಮೇಲೂ ಬಂದಿಲ್ಲ.

ಆ ದಿನಗಳಲ್ಲಿ ಕತೀನಾ ಏನು ಮಾಡಿದಳೆಂದು ಹೇಳಬೇಕು. ಅಡುಗೆಮನೆಯಿಂದಲೇ ಇಡೀ ಸಮುದ್ರವನ್ನು ಹುಡುಕಿಸಿದಳು. ತನ್ನ ದ್ವೀಪದ ಚಿಕ್ಕಮ್ಮನ ಮಗಳಿಗೆ ಫೋನು, ಅವಳ ಅಳಿಯನ ಮೀನಿನ ದೋಣಿಗೆ ಫೋನು, ಪಕ್ಕದ ದ್ವೀಪದ ಪಾದ್ರಿಗೆ, ಅಲ್ಲಿಂದಾಚೆ ಕಾಫಿ ಅಂಗಡಿಯವನಿಗೆ, ಆಚೆ ದಡದ ಟರ್ಕಿಯ ಊರಿನಲ್ಲಿ ಗ್ರೀಕ್ ಬಲ್ಲ ಒಬ್ಬ ದೋಣಿಯವನಿಗೆ. ಅವಳು ಮೇಜಿನ ಮೇಲೆ ಉದುರಿಸಿದ ಬ್ರೆಡ್ ಚೂರುಗಳೆಲ್ಲ ಒಂದೊಂದಾಗಿ ಮಾತಾಡತೊಡಗಿದವು. "ಕಪ್ಪು ಹುಡುಗ, ಅಡುಗೆಯವನು, ಗ್ರೀಕ್ ಮಾತಾಡ್ತಾನೆ, ನಮ್ಮವನೇ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ನೂರಾರು ವರ್ಷ ಗಾಳಿ, ಬೆಲೆ, ಮದುವೆ, ಸಾವುಗಳ ಸುದ್ದಿ ದಡದಿಂದ ದಡಕ್ಕೆ ಹೋಗುತ್ತಿದ್ದದ್ದು ಹೀಗೆಯೇ ಇರಬೇಕು. ಈಗ ನನ್ನ ಗಂಡನ ಹೆಸರು ಆ ದಾರಿಯಲ್ಲಿ ಓಡಾಡುತ್ತಿತ್ತು. ಯಾವ ದಡದಿಂದಲೂ ಉತ್ತರ ಬರಲಿಲ್ಲ. ನಾವಿಕರನ್ನು ಕಾಯುವ ಸಂತ ನಿಕೋಲಸನಿಗೆ ದೀಪ ಹಚ್ಚಿದ್ದೇವೆ ಎಂದಷ್ಟೇ ಎಲ್ಲ ದ್ವೀಪಗಳ ಹೆಂಗಸರೂ ಹೇಳಿಕಳಿಸಿದರು.

ಒಂದು ಭಾನುವಾರ ಮಧ್ಯಾಹ್ನ ಮೆಲ್ಬರ್ನ್‌ನ ಇನ್ನೊಂದು ಮೂಲೆಯ ವಿಂಡಮ್ ವೇಲ್‌ನಿಂದ ನಮ್ಮ ಮಂಗಳೂರಿನವರು ಬಂದರು. ನನ್ನ ಸೋದರತ್ತೆಯ ಮಗಳು ಪ್ರೆಸ್ಸಿ ಮುಂದಾಳು. ಡಬ್ಬಿಗಳಲ್ಲಿ ಅನ್ನ, ಸಾರು, ರಿಯಾಳಿಗೆ ಗೊಂಬೆ. ಒಳ್ಳೆಯ ಜನ. ಮೇಣದ ಬತ್ತಿ ಹಚ್ಚಿ ಜಪಸರ ಶುರು ಮಾಡಿದರು. ಕತೀನಾ ಕಾಫಿಯ ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಯಾರಿಗಾಗಿ ಪ್ರಾರ್ಥನೆ?"

"ವಿಲ್ಫಿಯ ಆತ್ಮಶಾಂತಿಗೆ, ಆಂಟಿ," ಎಂದಳು ಪ್ರೆಸ್ಸಿ.

ಕತೀನಾ ತಟ್ಟೆಯನ್ನು ಕೆಳಗಿಟ್ಟು, ಬಂದು, ಮೇಣದ ಬತ್ತಿಯನ್ನು ಉಫ್ ಎಂದು ಆರಿಸಿದಳು. "ಅವನು ಸತ್ತಿದ್ದಾನೆ ಅಂತ ಯಾರು ಹೇಳಿದ್ದು ನಿಮಗೆ? ನೋಡಿದ್ದೀರಾ? ಕಾಫಿ ಕುಡಿದು ಹೋಗಿ."

ಪ್ರೆಸ್ಸಿ ನನ್ನ ಮುಖ ನೋಡಿದಳು. ಅವಳ ಪರ ಮಾತಾಡಬೇಕಾದವಳು ನಾನು ಕತೀನಾಳ ಪಕ್ಕ ಹೋಗಿ ನಿಂತೆ. ಉಳ್ಳಾಲದಿಂದ ಅತ್ತೆಯೂ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದರು. "ಎಷ್ಟು ದಿನ ಹೀಗೆ ಲವೀನಾ? ಅವನ ಆತ್ಮಕ್ಕೆ ಚರ್ಚಿನಲ್ಲಿ ಪೂಜೆ ಕೊಡಿಸುವ. ನನ್ನ ಮಗ ನೀರಲ್ಲಿ ಅಲೆಯುವುದು ಬೇಡ." ಹೆತ್ತವಳು ಒಪ್ಪಿದ್ದಳು, ನಾನು ಒಪ್ಪಲಿಲ್ಲ. ಕತೀನಾ ನನ್ನ ಕೊರಳ ಕರಿಮಣಿ ಮುಟ್ಟಿ, "ಇದು ಇರಲಿ," ಎನ್ನುತ್ತಿದ್ದಳು. ನನಗೆ ಬೇಕಾದದ್ದು ಆ ಒಂದು ಮಾತು. ಅವಳು ದಿನಾ ಕೊಡುತ್ತಿದ್ದಳು, ನಾನು ದಿನಾ ಹೋಗಿ ಇಸಿದುಕೊಳ್ಳುತ್ತಿದ್ದೆ.

ಸೆಪ್ಟೆಂಬರ್ ಬಂತು. ಇಲ್ಲಿ ಆ ತಿಂಗಳ ಮೊದಲ ಭಾನುವಾರ ಫಾದರ್ಸ್ ಡೇ. ಅದಕ್ಕೆ ಮೊದಲು ಶಾಲೆಯಲ್ಲಿ ಸಣ್ಣ ಅಂಗಡಿ ಹಾಕುತ್ತಾರೆ. ಮಕ್ಕಳು ಮನೆಯಿಂದ ಚಿಲ್ಲರೆ ಒಯ್ದು ಅಪ್ಪನಿಗೆಂದು ಮಗ್ಗೋ ಸಾಕ್ಸೋ ಕೊಳ್ಳಬೇಕು. ಆ ಸಂಜೆ ಕತೀನಾಳ ಅಡುಗೆಮನೆಯಲ್ಲಿ ನಾವೆಲ್ಲ ಕೂತಿದ್ದೆವು, ನಿಕೋ ಕೂಡ ಬಂದಿದ್ದ. ರಿಯಾ ಬ್ರೆಡ್ಡಿಗೆ ಜೇನು ಸವರುತ್ತ ಇಂಗ್ಲಿಷಿನಲ್ಲಿ ಕೇಳಿದಳು, "ಮಮ್ಮಾ, ನಾನು ಡ್ಯಾಡಾಗೆ ತಗೊಳ್ಳಲಾ, ಬೇಡವಾ? ಮಿಸ್ ಹೇಳಿದರು, ಬೇಡದಿದ್ದರೆ ಲೈಬ್ರರಿಯಲ್ಲಿ ಕೂರಬಹುದಂತೆ."

ನಾನು ಉತ್ತರಿಸುವ ಮೊದಲೇ ಕತೀನಾ ಮುಂದಾದಳು. "ತಗೋ ಪುಟ್ಟಾ. ಚಂದದ್ದು ತಗೋ. ಬಂದಾಗ ಕೊಡುವ."

ನಿಕೋ ಕಪ್ಪನ್ನು ಮೇಜಿನ ಮೇಲೆ ಕುಕ್ಕಿದ. ಅರವತ್ತರ ಹತ್ತಿರದ ಗಂಡಸು, ದೊಡ್ಡ ಮೈ, ಟೈಲ್ಸ್ ಕೆಲಸದ ಒರಟು ಕೈ. "ಮಾ, ಸಾಕು."

"ಎಂತ ಸಾಕು?"

"ಗ್ಯಾರೇಜಿನಲ್ಲಿ ಒಂದು ಪೆಟ್ಟಿಗೆ ಇದೆ ಲವೀನಾ," ಎಂದು ಅವನು ನನಗೆ ಹೇಳಿದ, ಅಮ್ಮನನ್ನು ನೋಡದೆ. "ಅದರ ತುಂಬ ನಾನು ಅಪ್ಪನಿಗೆ ತಂದ ಸಾಕ್ಸು, ಟೈ. ಪೇಪರ್ ಬಿಚ್ಚಿಲ್ಲ. ವರ್ಷ ವರ್ಷವೂ ತಂದಿದ್ದೆ. ನನಗೆ ಗಡ್ಡ ಬಂದ ಮೇಲೂ ತರಿಸಿದಳು. ಬೇರೆ ಮಕ್ಕಳ ಅಪ್ಪಂದಿರು ಸತ್ತರು, ಅವರು ಅತ್ತರು, ದೊಡ್ಡವರಾದರು. ನನಗೆ ಅಳಲಿಕ್ಕೂ ಬಿಡಲಿಲ್ಲ. ಗೇಟಿನ ಸದ್ದಾದರೆ ಇವತ್ತಿಗೂ ನನ್ನ ಎದೆ ಹೊಡೆದುಕೊಳ್ತದೆ." ಆಮೇಲೆ ಅಮ್ಮನ ಕಡೆ ತಿರುಗಿದ. ದನಿ ಒಡೆದಿತ್ತು. "ನನಗೆ ಮಾಡಿದ್ದನ್ನು ಈ ಮಗುವಿಗೆ ಮಾಡಬೇಡ, ಮಾ. ಪ್ಲೀಸ್."

ರಿಯಾ ಜೇನಿನ ಚಮಚ ಹಿಡಿದುಕೊಂಡೇ ಎಲ್ಲರ ಮುಖ ನೋಡುತ್ತಿದ್ದಳು. ಕತೀನಾ ಎದ್ದು ಹೋಗಿ ಫ್ರಿಜ್ಜಿನ ಮುಂದೆ ನಿಂತಳು. ಬಾಗಿಲು ತೆರೆಯಲಿಲ್ಲ. ನಮಗೆ ಬೆನ್ನು ಹಾಕಿಕೊಂಡು, ನಿಂಬೆಹಣ್ಣಿನ ಮ್ಯಾಗ್ನೆಟ್ಟನ್ನು ಬೆರಳಿನಿಂದ ತಿರುಗಿಸುತ್ತ ಹಾಗೇ ನಿಂತಿದ್ದಳು.

ಅದಾದ ಮೇಲೆ ಕೆಲವು ದಿನ ಅವಳು ನಮ್ಮ ಕಡೆ ಬರಲಿಲ್ಲ. ವಿಲ್ಫಿ ಕಾಣೆಯಾದ ನಲವತ್ತನೇ ದಿನದ ಹಿಂದಿನ ಶನಿವಾರ ನಾನು ಬೆಳಗಿನ ಶಿಫ್ಟ್ ಮುಗಿಸಿ ಬರುವಾಗ ಅಂಗಳಕ್ಕೆ ಕಾಲಿಡುತ್ತಲೇ ಆ ಘಮ. ಹಿಟ್ಟು ಹುರಿಯುತ್ತಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಬೆಂದ ಗೋಧಿ ಹರಡಿತ್ತು. ಯಾರು ಸತ್ತರು ಎಂದು ಕೇಳಲು ಬಾಯಿ ತೆರೆದವಳು ಅವಳ ಮುಖ ನೋಡಿ ಮುಚ್ಚಿದೆ. ಕೈ ತೊಳೆದು ದಾಳಿಂಬೆ ಬಿಡಿಸಲು ಕೂತೆ. ಅವಳು ಒಂದೊಂದೇ ಕೆಲಸ ನನ್ನ ಕೈಗೆ ದಾಟಿಸುತ್ತ ಹೋದಳು. ದಾಲ್ಚಿನ್ನಿ ಎಷ್ಟು, ಗೋಧಿ ಎಷ್ಟು ಒಣಗಿರಬೇಕು, ಸಕ್ಕರೆ ನೀರು ಬಿಡದಂತೆ ಹಿಟ್ಟನ್ನು ಹೇಗೆ ಹರಡಬೇಕು. ನಾನು ಕಲಿತದ್ದು ಆ ಮಧ್ಯಾಹ್ನವೇ.

ಸಕ್ಕರೆ ಒತ್ತಿ ಆಯಿತು. ನೋಡಲು ಹಿಮ ಬಿದ್ದ ಅಂಗಳದ ಹಾಗಿತ್ತು. ಬಾದಾಮಿಯ ಶಿಲುಬೆಯನ್ನು ಸರಸರನೆ ಇಟ್ಟಳು, ಎಷ್ಟು ಮಾಡಿದ ಕೈ! ಅಕ್ಷರಕ್ಕೆ ಬಂದಾಗ ಕೈ ನಿಂತಿತು. ಒಂದು ಬಾದಾಮಿ ತೆಗೆದುಕೊಂಡಳು, ಇಟ್ಟಳು, ಮತ್ತೆ ತೆಗೆದುಕೊಂಡಳು.

"ಆಗುವುದಿಲ್ಲ," ಎಂದಳು. "ನನ್ನವನ ಅಕ್ಷರ ನೀನು ಇಡು. ನಿನ್ನವನದ್ದು ನಾನು ಇಡ್ತೇನೆ."

ಅವಳು ಬಾದಾಮಿಗಳನ್ನು ನನ್ನ ಕಡೆ ದೂಡಿದಳು. ಆಮೇಲೆ, ತಟ್ಟೆಯನ್ನೇ ನೋಡುತ್ತ ಹೇಳಿದಳು, "ಹೊರಗೆ ಬಂದು ನಿಲ್ಲು ಅಂತ ಹೇಳಿದ್ದು ನಾನು, ಲವೀನಾ. ನನ್ನ ಚರ್ಚ್ ತೋರಿಸು ಅಂದೆ. ಅವನು ಅದಕ್ಕೇ ಹೋದನೋ ಏನೋ."

ಮೊದಲ ದಿನದಿಂದ ಆ ಮಾತು ನನ್ನ ಗಂಟಲಲ್ಲೂ ಇತ್ತು. ಅವಳು ಬಡಿಸಿದ ಅನ್ನ ತಿನ್ನುವಾಗ ಇತ್ತು, ಅವಳ ಮಡಿಲಲ್ಲಿ ತಲೆಯಿಟ್ಟು ಅಳುವಾಗ ಇತ್ತು. ಎಷ್ಟೋ ಸಲ ಇವಳನ್ನು ಹಿಡಿದು ಅಲ್ಲಾಡಿಸಿಬಿಡಬೇಕೆಂದು ಅನಿಸಿತ್ತು. ಈಗ ಅವಳೇ ಹೇಳಿದ ಮೇಲೆ ನೋಡಿದರೆ ಆ ಸಿಟ್ಟು ಎಲ್ಲೂ ಇಲ್ಲ. ಸಕ್ಕರೆ ಮೆತ್ತಿದ ಆ ಮುದಿ ಕೈಯಷ್ಟೇ ಕಾಣುತ್ತಿತ್ತು.

"ಟವೆಲ್ ತೆಗೆಯಲಿಕ್ಕೆ ಹೋದದ್ದು ಅವನು," ಎಂದೆ. "ಗಾಳಿಗೆ ಟವೆಲ್ ಹಾರಿದರೆ ಅವನಿಗೆ ನಿದ್ದೆ ಬರ್ತಿರಲಿಲ್ಲ. ಅವನ ಅಡುಗೆಮನೆಯ ಶಿಸ್ತು ನಿಮಗೆ ಗೊತ್ತಿಲ್ಲವಾ?"

ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅವಳು ನಂಬಿದಳೋ ಇಲ್ಲವೋ ಅದೂ ಗೊತ್ತಿಲ್ಲ. ನಾನು ಅವಳು ಹೇಳಿದಂತೆ ಸ್ಟೆಲಿಯೋಸನ ಗ್ರೀಕ್ ಅಕ್ಷರವನ್ನು ಇಟ್ಟೆ. ಮೇಜಿನ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ ಬೆರಳಿನಿಂದ ಕನ್ನಡದ 'ವಿ' ಬರೆದು ತೋರಿಸಿದೆ. ಅವಳು ಕನ್ನಡಕ ಏರಿಸಿಕೊಂಡು, ಅದನ್ನು ನೋಡಿ ನೋಡಿ, ಒಂದೊಂದೇ ಬಾದಾಮಿಯನ್ನು ಸುತ್ತಿಸಿ ಇಟ್ಟಳು. ತಲೆಯ ಮೇಲಿನ ಗುಡಿಸು ಕೂಡ ಬಿಡಲಿಲ್ಲ. ಆ ಅಕ್ಷರ ನೋಡಿದಾಗ ನನ್ನ ಗಂಡ ಸತ್ತ. ಅಲ್ಲಿಯವರೆಗೆ ಸತ್ತಿರಲಿಲ್ಲ. ನಾನು ಕುರ್ಚಿಯಲ್ಲಿ ಕೂತು ಬೊಬ್ಬೆ ಹಾಕಿ ಅತ್ತೆ. ಅವಳು ಸಕ್ಕರೆಯ ಕೈಯಲ್ಲೇ ನನ್ನ ತಲೆ ಹಿಡಿದುಕೊಂಡಳು.

ಮರುದಿನ ಅವಳು ಕಪ್ಪು ಉಡುಪಿನಲ್ಲಿ ಹೊರಬಂದಳು. ಗಂಡ ಕಾಣೆಯಾದ ವರ್ಷ ಯಾರೋ ನೆಂಟರು ತಂದುಕೊಟ್ಟದ್ದು, ಒಮ್ಮೆಯೂ ಉಟ್ಟಿರಲಿಲ್ಲ. ಬೀರುವಿನ ಮಡಿಕೆಯ ಗೆರೆಗಳು ಹಾಗೇ ಇದ್ದವು. ಚರ್ಚಿನೊಳಗೆ ನಾವು ತಟ್ಟೆ ಹಿಡಿದು ನಡೆದಾಗ ಕಪ್ಪು ಉಟ್ಟ ಮುದುಕಿಯರು ಒಬ್ಬೊಬ್ಬರಾಗಿ ಎದ್ದು ನಿಂತರು. ಅವರೆಲ್ಲರ ಗಂಡಂದಿರಿಗೂ ಗೋಧಿ ಬೇಯಿಸಿದವಳು ಅವಳೇ ತಾನೆ. ಪಾದ್ರಿ ಸ್ಟೆಲಿಯೋಸನ ಪೂರ್ತಿ ಹೆಸರು ಹಿಡಿದು, ಸ್ಟಿಲಿಯಾನೋಸ್ ಎಂದು ಹಾಡಿದರು. ಆಮೇಲೆ ಒಂದು ಕ್ಷಣ ತಡೆದು, ವಿಲ್ಫ್ರೆಡ್ ಎಂದರು. ಕ್ಯಾಥೊಲಿಕ್ ಹೆಸರನ್ನು ಅಲ್ಲಿ ಓದುವ ಕ್ರಮ ಇಲ್ಲವಂತೆ. ಕತೀನಾ ಅವರಿಗೆ ಮೊದಲೇ ಏನು ಹೇಳಿದ್ದಳೋ, ಅವರು ಚಕಾರ ಎತ್ತಲಿಲ್ಲ. ಸಣ್ಣ ಕಾಗದದ ಚೀಲಗಳಲ್ಲಿ ಕೋಲಿವಾ ಹಂಚಿದೆವು. ತಿಂದವರೆಲ್ಲ ದೇವರು ಅವನನ್ನು ಕ್ಷಮಿಸಲಿ ಎಂದು ಹೇಳಿ ಹೋದರು. ರಿಯಾ ಮುಷ್ಟಿ ತುಂಬ ತಿಂದು, "ಇದು ಡ್ಯಾಡಾನ ಹಡಗಿನ ಗೋಧಿಯಾ?" ಎಂದು ಕೇಳಿದಳು. ನಿಕೋ ಅವಳನ್ನು ಎತ್ತಿಕೊಂಡು ಹೊರಗೆ ಹೋದ. ಅವನೂ ಅಳುತ್ತಿದ್ದ. ಅಂತೂ ಅವನಿಗೆ ಅಳಲು ಬಿಟ್ಟಿದ್ದರು.

ಸಂಜೆ ಮನೆಗೆ ಬಂದಾಗ ಕತೀನಾ ಎಲ್ಲರಿಗಿಂತ ಹಿಂದೆ ಉಳಿದಳು. ಟಕ್ ಎಂದು ಒಂದು ಸದ್ದು. ತಿರುಗಿ ನೋಡಿದೆ. ಗೇಟಿನ ಚಿಲಕ ಹಾಕಿ, ಅದರ ಮೇಲೆ ಕೈಯಿಟ್ಟು ನಿಂತಿದ್ದಳು.

ಮರುದಿನ ಬೆಳಗ್ಗೆ ನಾನು ಶಿಫ್ಟಿಗೆ ಹೊರಟಾಗ ಚಿಲಕ ತೆಗೆದಿತ್ತು. ಕಿಟಕಿಯಲ್ಲಿ ಅವಳು ಕಪ್ಪು ಸ್ವೆಟರಿನಲ್ಲಿ ಕಾಫಿ ಕಾಯಿಸುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ನಾನೂ ಚಿಲಕ ಹಾಕದೆ ಗೇಟನ್ನು ಹಾಗೇ ಎಳೆದುಕೊಂಡು ಹೋದೆ. ಆಮೇಲೆ ನಾವು ಅಲ್ಲಿ ಇರುವಷ್ಟು ಕಾಲವೂ ಚಿಲಕ ತೆಗೆದೇ ಇತ್ತು, ಸಿಡ್ನಿಗೆ ಬಂದ ಮೇಲೂ ಇತ್ತಂತೆ. ಕರಿಮಣಿ ನನ್ನ ಕೊರಳಲ್ಲಿ ಇನ್ನೂ ಇದೆ. ಯಾಕೆಂದು ನನ್ನನ್ನು ಯಾರೂ ಕೇಳದಿರಲಿ.

ಮೊದಲ ಸಲ ಹಿಟ್ಟು ಸೀದದ್ದು ಬಿಟ್ಟರೆ ಕತೀನಾಳ ಕೋಲಿವಾ ಮಾಡುವುದು ನನಗೆ ಕಷ್ಟವಾಗಲಿಲ್ಲ. ಅವಳು ತನ್ನ ಹಾಸಿಗೆಯಲ್ಲಿ ಹೋದಳು. ಮಣ್ಣಾದದ್ದು ಎಲ್ಲಿ ಎಂದು ಎಲ್ಲರಿಗೂ ಗೊತ್ತು. ಅಕ್ಷರವನ್ನು ರಿಯಾ ಇಟ್ಟಳು. ತಟ್ಟೆಯನ್ನು ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ಹೋದೆವು. ಚರ್ಚು ಮುಗಿಸಿ ನಾನು, ರಿಯಾ, ನಿಕೋ ಮೂವರೂ ನ್ಯೂಪೋರ್ಟ್ ಮನೆಗೆ ಬಂದೆವು. ಮನೆ ಮಾರಾಟಕ್ಕೆ ಹೋಗುತ್ತದೆ. ಸೋಫಾದ ಪ್ಲಾಸ್ಟಿಕ್ ಇನ್ನೂ ಇತ್ತು. ಅಂಜೂರದ ಎಲೆ ಅಂಗಳದ ತುಂಬ ಬಿದ್ದಿತ್ತು. ನಿಕೋ ಮುಂಬಾಗಿಲಿಗೆ ಬೀಗ ಹಾಕಿದ, ಕಿಟಕಿಗಳನ್ನು ನೋಡಿಕೊಂಡು ಬಂದ. ಕೊನೆಗೆ ಗೇಟಿನ ಹೊರಗೆ ನಿಂತು ಚಿಲಕಕ್ಕೆ ಕೈ ಹಾಕಿದ. ಸಣ್ಣವನಿದ್ದಾಗಿನಿಂದ ಅದನ್ನು ಹಾಕಬೇಕೆಂದು ಆಸೆಪಟ್ಟವನು, ಈಗ ಬೇಡ ಎನ್ನುವವರು ಯಾರೂ ಇಲ್ಲ. ಕೈ ಅಲ್ಲೇ ಇತ್ತು, ಚಿಲಕ ಮುಂದೆ ಹೋಗಲಿಲ್ಲ.

"ತುಕ್ಕು ಹಿಡಿದಿದೆಯಾ?" ಎಂದು ಕೇಳಿದೆ.

"ಇಲ್ಲ," ಎಂದ ನಿಕೋ. "ಸರಿಯಾಗಿಯೇ ಇದೆ."

ಕೈ ತೆಗೆದುಬಿಟ್ಟ. ಗೇಟನ್ನು ಹಾಗೇ ಬಿಟ್ಟು ನಾವು ಕಾರಿನ ಕಡೆ ನಡೆದೆವು.